ಕಪಾಟು ತುಂಬಿದರೂ ಉಡಲು ಏನೂ ಇಲ್ಲವೆಂಬ ಕೊರಗೇಕೆ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು ಕನ್ನಡದ ಹಳೆಯ ಗಾದೆ. ಉಣ್ಣುವುದು ತನ್ನ ನಾಲಿಗೆಗೆ ರುಚಿಸುವಂತಿರಬೇಕು, ಉಡುವುದು ನಾಲ್ವರ ಕಣ್ಣಿಗೆ ಒಪ್ಪುವಂತಿರಬೇಕು ಎಂಬುದು ಅದರ ತಾತ್ಪರ್ಯ. ಗಾದೆಯ ಮೊದಲರ್ಧಕ್ಕೆ ಯಾರ ತಕರಾರೂ ಇಲ್ಲ. ಎರಡನೆಯ ಅರ್ಧವನ್ನು ಚಾಚೂತಪ್ಪದೆ ಪಾಲಿಸಿದುದರ ಫಲವನ್ನು ಮಾತ್ರ ನಗರದ ಅನೇಕ ಮನೆಗಳ ಕಪಾಟುಗಳಲ್ಲಿ ಕಾಣಬಹುದು. ನಾದಿನಿಯ ಮದುವೆಗೆಂದು ಕೊಂಡ ಭಾರೀ ಸೀರೆ, ಗೆಳತಿ ತೊಟ್ಟಿದ್ದಳೆಂದು ತಂದ ಅನಾರ್ಕಲಿ, ರಿಯಾಯಿತಿಯಲ್ಲಿ ಸಿಕ್ಕಿತೆಂದು ಖರೀದಿಸಿ ಒಮ್ಮೆಯೂ ಧರಿಸದ ಕುರ್ತಾ, ಎಲ್ಲವೂ ಅಲ್ಲಿವೆ. ಆದರೆ ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಬಾಯಿಂದ ಬರುವ ಮಾತು ಒಂದೇ: 'ಉಡಲು ಏನೂ ಇಲ್ಲ!'

ಈ ಕೊರಗಿಗೆ ಬಟ್ಟೆಯ ಕೊರತೆ ಕಾರಣವಲ್ಲ. ಅಂಗಡಿಯಲ್ಲಿ ನಿಂತಾಗ ಕಣ್ಣ ಮುಂದೆ ಬರುವ ದಿನವೇ ಬೇರೆ, ನಿತ್ಯ ಬದುಕುವ ದಿನವೇ ಬೇರೆ ಎಂಬುದೇ ಕಾರಣ. ವರ್ಷಕ್ಕೆ ನಾಲ್ಕೈದು ಬಾರಿ ಬರುವ ಸಮಾರಂಭಕ್ಕೆ ಸಾವಿರಗಟ್ಟಲೆ ಖರ್ಚಾಗುತ್ತದೆ. ಉಳಿದ 360 ದಿನಗಳ ಉಡುಪಿಗೆ ಯೋಚನೆಯೂ ಇಲ್ಲ, ಹಣವೂ ಇಲ್ಲ. ತನ್ನದೇ ಆದ ಶೈಲಿ ಎಂಬುದು ಸಿನಿಮಾ ತಾರೆಯರಿಗೆ ಮೀಸಲಾದ ಸಂಗತಿಯಲ್ಲ. ತನ್ನ ದಿನಚರಿ, ತನ್ನ ಊರಿನ ಹವೆ, ತನ್ನ ಮೈಕಟ್ಟು ಮತ್ತು ತನ್ನ ಜೇಬು, ಈ ನಾಲ್ಕನ್ನೂ ಅರಿತು ಆರಿಸಿದ ಕೆಲವೇ ಉಡುಪುಗಳಿಂದ ಅದು ತಾನಾಗಿ ರೂಪುಗೊಳ್ಳುತ್ತದೆ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಹೊಸದನ್ನು ಕೊಳ್ಳುವ ಮುನ್ನ ಇರುವುದನ್ನು ಎಣಿಸುವುದು ಜಾಣತನ. ಒಂದು ಭಾನುವಾರ ಕಪಾಟಿನಲ್ಲಿರುವ ಎಲ್ಲವನ್ನೂ ಮಂಚದ ಮೇಲೆ ಹರವಿ ಮೂರು ರಾಶಿ ಮಾಡಬೇಕು. ಕಳೆದ ಒಂದು ವರ್ಷದಲ್ಲಿ ಹಲವು ಬಾರಿ ಧರಿಸಿದವು ಮೊದಲನೆಯ ರಾಶಿ. ಇಷ್ಟವಿದ್ದರೂ ಅಳತೆ ತಪ್ಪಿದ, ಗುಂಡಿ ಕಿತ್ತ, ಜೊತೆಗೆ ಹೊಂದುವ ರವಿಕೆಯಿಲ್ಲದ ಬಟ್ಟೆಗಳು ಎರಡನೆಯವು. ಒಮ್ಮೆಯೂ ಮುಟ್ಟದವು ಮೂರನೆಯವು.

ಮೊದಲ ರಾಶಿಯನ್ನು ಗಮನವಿಟ್ಟು ನೋಡಿದರೆ ಅದರಲ್ಲೇ ಉತ್ತರವಿರುತ್ತದೆ. ಆ ಬಟ್ಟೆಗಳ ಬಣ್ಣ, ಕತ್ತಿನ ಆಕಾರ, ತೋಳಿನ ಉದ್ದ, ಬಟ್ಟೆಯ ಜಾತಿ, ಇವುಗಳಲ್ಲಿ ಒಂದು ಹೋಲಿಕೆ ಕಂಡೇ ಕಾಣುತ್ತದೆ. ಅದೇ ಆಕೆಯ ಶೈಲಿ. ಎರಡನೆಯ ರಾಶಿಯನ್ನು ದರ್ಜಿಯ ಬಳಿಗೆ ಒಯ್ದರೆ ಹೊಸ ಬಟ್ಟೆ ಕೊಳ್ಳುವ ಖರ್ಚಿನ ಅಲ್ಪ ಭಾಗದಲ್ಲಿ ಅರ್ಧ ಕಪಾಟು ಮರಳಿ ಬಳಕೆಗೆ ಬರುತ್ತದೆ. ಮೂರನೆಯ ರಾಶಿ ಹಿಂದಿನ ತಪ್ಪುಗಳ ಪಟ್ಟಿ. ಅದನ್ನು ಅಗತ್ಯವಿರುವವರಿಗೆ ಕೊಟ್ಟುಬಿಡುವುದು ಒಳ್ಳೆಯದು. ಆದರೆ ಕೊಡುವ ಮುನ್ನ ಅವನ್ನು ಯಾವ ಕಾರಣಕ್ಕೆ ಕೊಂಡದ್ದೆಂದು ನೆನಪಿಸಿಕೊಂಡರೆ ಅದೇ ತಪ್ಪು ಮರುಕಳಿಸುವುದಿಲ್ಲ.

ಇದರೊಂದಿಗೆ ಒಂದು ವಾರದ ದಿನಚರಿಯನ್ನೂ ಬರೆದಿಡಬೇಕು. ಐದು ದಿನ ಬಸ್ಸಿನಲ್ಲಿ ಓಡಾಡಿ ಕಚೇರಿ ಸೇರುವಾಕೆಗೂ, ದಿನವಿಡೀ ಕಪ್ಪುಹಲಗೆಯ ಮುಂದೆ ನಿಲ್ಲುವ ಶಿಕ್ಷಕಿಗೂ, ಮನೆಯಲ್ಲೇ ಕುಳಿತು ಗಣಕಯಂತ್ರದಲ್ಲಿ ದುಡಿಯುವಾಕೆಗೂ ಬೇಕಾದ ಉಡುಪು ಒಂದೇ ಅಲ್ಲ. ವಾರದ ಏಳು ದಿನಗಳಲ್ಲಿ ಐದು ದಿನ ಯಾವ ಕೆಲಸವೋ ಬಟ್ಟೆಯ ಖರ್ಚಿನ ಬಹುಪಾಲೂ ಆ ಕೆಲಸಕ್ಕೆ ಸಲ್ಲಬೇಕು.

ನಾಲ್ಕು ಮೂರಲೆ ಹನ್ನೆರಡು

ಕಪಾಟಿನ ಆಧಾರ ಉಡುಪುಗಳೆಂದರೆ ಒಂದರೊಡನೆ ಒಂದು ಬೆರೆಯುವಂಥವು. ಇದರ ಹಿಂದಿರುವುದು ಸರಳ ಮಗ್ಗಿ. ನಾಲ್ಕು ಕುರ್ತಾಗಳು ಮೂರು ಪೈಜಾಮಗಳಿಗೂ ಹೊಂದಿಕೊಂಡರೆ ಹನ್ನೆರಡು ಬಗೆಯ ಉಡುಪಾಯಿತು. ಅವಕ್ಕೆ ಹೊಂದುವ ಎರಡು ದುಪಟ್ಟಾ ಇದ್ದರೆ ಇಪ್ಪತ್ತನಾಲ್ಕು. ಅದೇ ಹಣದಲ್ಲಿ ನಾಲ್ಕು 'ಸೆಟ್' ಕೊಂಡರೆ ಸಿಗುವುದು ನಾಲ್ಕೇ ಬಗೆ.

ಇದಕ್ಕೆ ಬಣ್ಣಗಳ ಶಿಸ್ತು ಬೇಕು. ಕಪ್ಪು, ಕಡುನೀಲಿ, ಕೆನೆ, ಕಂದು ಮೊದಲಾದ ತಟಸ್ಥ ಬಣ್ಣಗಳಲ್ಲಿ ಎರಡನ್ನು ಕೆಳ ಉಡುಪಿಗೆ ಆರಿಸಿಕೊಂಡು, ಮೇಲುಡುಪಿಗೆ ತನಗೆ ಒಪ್ಪುವ ಮೂರು ನಾಲ್ಕು ಬಣ್ಣಗಳನ್ನು ಇರಿಸಿಕೊಂಡರೆ ಸಾಕು. ಒಪ್ಪುವ ಬಣ್ಣವನ್ನು ಅಂಗಡಿಯ ಹಳದಿ ದೀಪದಡಿ ನಿರ್ಧರಿಸಬಾರದು. ಬಾಗಿಲ ಬಳಿ, ಹಗಲಿನ ಬೆಳಕಿನಲ್ಲಿ ಬಟ್ಟೆಯನ್ನು ಮುಖದ ಹತ್ತಿರ ಹಿಡಿದು ನೋಡಬೇಕು. ಮುಖ ಕಳೆಗಟ್ಟಿದರೆ ಅದು ಒಪ್ಪುವ ಬಣ್ಣ. ಬಟ್ಟೆ ಎದ್ದು ಕಂಡು ಮುಖ ಬಾಡಿದಂತೆ ತೋರಿದರೆ ಅಲ್ಲ. ಕಪ್ಪು ಮೈಬಣ್ಣದವರು ಗಾಢ ಬಣ್ಣ ಧರಿಸಬಾರದೆಂಬುದು ನಮ್ಮ ನಡುವೆ ಬೇರೂರಿರುವ ಮಿಥ್ಯೆ. ಕುಂಕುಮ ಕೆಂಪು, ನವಿಲು ಬಣ್ಣ, ಸಾಸಿವೆ ಹಳದಿ, ಬಾಟಲಿ ಹಸಿರು ಶ್ಯಾಮಲ ವರ್ಣದವರಿಗೆ ಸೊಗಸಾಗಿಯೇ ಒಪ್ಪುತ್ತವೆ.

ದುಡಿಯುವ ಮಹಿಳೆಯೊಬ್ಬರಿಗೆ ಸುಮಾರು ಐದು ಕುರ್ತಾ, ಮೂರು ಕೆಳ ಉಡುಪು, ಎರಡು ದುಪಟ್ಟಾ, ಮೂರು ಹತ್ತಿ ಸೀರೆ, ಒಂದು ರೇಷ್ಮೆ ಸೀರೆ, ನಾಲ್ಕು ರವಿಕೆ, ಹವಾನಿಯಂತ್ರಿತ ಕಚೇರಿಗೊಂದು ತೆಳು ಸ್ವೆಟರ್ ಅಥವಾ ಶಾಲು ಇದ್ದರೆ ವರ್ಷ ಸಾಗುತ್ತದೆ. ಇದು ಕಟ್ಟಳೆಯೇನಲ್ಲ. ಸೀರೆಯನ್ನೇ ನಿತ್ಯ ಉಡುವವರು ಕುರ್ತಾದ ಸಂಖ್ಯೆಯನ್ನು ಸೀರೆಗೆ ವರ್ಗಾಯಿಸಿಕೊಳ್ಳಬಹುದು. ಪ್ಯಾಂಟು ಷರ್ಟು ಧರಿಸುವವರಿಗೂ ಲೆಕ್ಕ ಇದೇ.

ಊರಿಗೊಂದು ಹವೆ, ಹವೆಗೊಂದು ನೂಲು

ಹಿಂದಿನವರು ಉಡುಪನ್ನು ಊರಿನ ಹವೆಗೆ ತಕ್ಕಂತೆ ರೂಪಿಸಿಕೊಂಡಿದ್ದರು. ಕರಾವಳಿಯ ಸೆಕೆಗೆ ಹೇಳಿ ಮಾಡಿಸಿದಂಥದು ಉಡುಪಿ ಸೀರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮಗ್ಗಗಳಲ್ಲಿ ಹತ್ತಿ ನೂಲಿನಿಂದ ನೇಯುವ ಈ ಹಗುರ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ನೇಕಾರರು ಒಬ್ಬೊಬ್ಬರಾಗಿ ಮಗ್ಗ ಬಿಟ್ಟು ಈ ಸೀರೆ ಕಣ್ಮರೆಯಾಗುವ ಹಂತ ತಲುಪಿತ್ತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟ್ ನಡೆಸಿದ ಪ್ರಯತ್ನದಿಂದ ಅದು ಮತ್ತೆ ಉಸಿರಾಡುತ್ತಿದೆ.

ಬಯಲುಸೀಮೆಯ ಬಿಸಿಲಿಗೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ. ಇದರ ವೈಶಿಷ್ಟ್ಯವಿರುವುದು ಸೆರಗಿನಲ್ಲಿ. ಒಡಲಿನ ಹಾಸುನೂಲಿಗೂ ಸೆರಗಿನ ರೇಷ್ಮೆ ಹಾಸುನೂಲಿಗೂ ಕೊಂಡಿ ಹಾಕಿ ಜೋಡಿಸಿ ನೇಯುವ ಪದ್ಧತಿ ಇಲ್ಲಿನದು. ಕೆಂಪು ಸೆರಗಿನಲ್ಲಿ ಬಿಳಿಯ ವಿನ್ಯಾಸ ಮೂಡುವ 'ಟೋಪ ತೆನಿ' ಸೆರಗು, ಚಿಕ್ಕಿ ಮತ್ತು ಗೋಮಿ ಅಂಚುಗಳು ಇದರ ಗುರುತು. ಒಡಲು ಹತ್ತಿಯದಾದರೆ ಕಚೇರಿಗೂ ಸೈ, ರೇಷ್ಮೆಯದಾದರೆ ಹಬ್ಬಕ್ಕೂ ಸೈ. ಇದರ ಜೊತೆಗೆ ಗುಳೇದಗುಡ್ಡದ ಖಣದ ರವಿಕೆ ತೊಡುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಇಂದಿನ ತರುಣಿಯರು ಅದೇ ಖಣವನ್ನು ಕುರ್ತಾ, ಜಾಕೆಟ್, ಕೈಚೀಲಗಳಿಗೂ ಬಳಸುತ್ತಿರುವುದು ಸ್ವಾಗತಾರ್ಹ.

ಬೆಂಗಳೂರು, ಮೈಸೂರುಗಳ ಹಿತವಾದ ಹವೆಯಲ್ಲಿ ಹೆಚ್ಚಿನ ಬಟ್ಟೆಗಳು ನಡೆಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ದಪ್ಪ ಹತ್ತಿ ಒಣಗುವುದಿಲ್ಲ. ಅಲ್ಲಿ ತೆಳು ಹತ್ತಿ ಅಥವಾ ಹತ್ತಿ ಬೆರೆತ ಪಾಲಿಯೆಸ್ಟರ್ ಅನುಕೂಲ. ಹತ್ತಿ ನೂಲಿನ 'ಕೌಂಟ್' ಸಂಖ್ಯೆ ಹೆಚ್ಚಿದಷ್ಟೂ ನೂಲು ತೆಳುವಾಗುತ್ತದೆ ಎಂಬುದನ್ನು ತಿಳಿದಿದ್ದರೆ ಅಂಗಡಿಯಲ್ಲಿ ಕೇಳಿ ಆರಿಸಲು ಸುಲಭ.

ಅಡುಗೆಮನೆಗೆ ಯಾವ ಊರಾದರೂ ಹತ್ತಿಯೇ ಸರಿ. ಹತ್ತಿಗೂ ಬೆಂಕಿ ಹತ್ತುತ್ತದೆ, ನಿಜ. ಆದರೆ ನೈಲಾನ್, ಪಾಲಿಯೆಸ್ಟರ್‌ಗಳು ಕರಗಿ ಚರ್ಮಕ್ಕೆ ಅಂಟಿಕೊಂಡು ಸುಟ್ಟಗಾಯವನ್ನು ಇನ್ನಷ್ಟು ಆಳವಾಗಿಸುತ್ತವೆ. ತೂಗುವ ಸೆರಗು, ಅಗಲ ತೋಳಿನ ನೈಟಿ ಒಲೆಯ ಮುಂದೆ ಬೇಡ.

ರೇಷ್ಮೆ ಕೊಳ್ಳುವಾಗ ಕಣ್ಣು ತೆರೆದಿರಲಿ

ಕಪಾಟಿನಲ್ಲಿ ಅತಿ ಹೆಚ್ಚು ಹಣ ಕೇಳುವುದು ರೇಷ್ಮೆ. ಅತಿ ಹೆಚ್ಚು ಮೋಸ ನಡೆಯುವುದೂ ಅದರಲ್ಲೇ. 'ಆರ್ಟ್ ಸಿಲ್ಕ್' ಎಂಬ ಹೆಸರು ಕೇಳಿ ಕಲಾತ್ಮಕ ರೇಷ್ಮೆಯೆಂದು ಭಾವಿಸುವವರಿದ್ದಾರೆ. ಅದು ಕೃತಕ ರೇಷ್ಮೆ ಎಂಬುದರ ಸಂಕ್ಷಿಪ್ತ ರೂಪ ಮಾತ್ರ. ಅದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಶುದ್ಧ ರೇಷ್ಮೆಯ ಬೆಲೆ ಕೊಟ್ಟು ಕೊಳ್ಳುವುದು ತಪ್ಪು.

ಗುರುತಿಸಲು ಕೆಲವು ದಾರಿಗಳಿವೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ 'ಸಿಲ್ಕ್ ಮಾರ್ಕ್' ಚೀಟಿ ಶುದ್ಧ ರೇಷ್ಮೆಗೆ ಖಾತರಿ. ಮನೆಯಲ್ಲೇ ಪರೀಕ್ಷಿಸುವುದಾದರೆ ಸೀರೆಯ ಅಂಚಿನಿಂದ ಹಾಸಿನ ಒಂದೆಳೆ, ಹೊಕ್ಕಿನ ಒಂದೆಳೆ ತೆಗೆದು ಜಾಗರೂಕತೆಯಿಂದ ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಿನಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳೂ ಮಾರುಕಟ್ಟೆಯಲ್ಲಿರುವುದರಿಂದ ಎರಡೂ ಎಳೆಗಳನ್ನು ನೋಡುವುದು ಅಗತ್ಯ.

ಜರಿಯಲ್ಲಿಯೂ ಮೂರು ದರ್ಜೆಗಳಿವೆ. ರೇಷ್ಮೆ ಎಳೆಗೆ ಬೆಳ್ಳಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು ಅಸಲಿ ಜರಿ. ಬೆಳ್ಳಿಯ ಬದಲು ತಾಮ್ರ ಬಳಸಿದ್ದು 'ಟೆಸ್ಟೆಡ್' ಜರಿ; ಕೆಲವು ವರ್ಷಗಳಲ್ಲಿ ಕಪ್ಪಾಗುವ ಅಂಚು ಬಹುಮಟ್ಟಿಗೆ ಇದರದು. ಹೊಳೆಯುವ ಪಾಲಿಯೆಸ್ಟರ್ ಹಾಳೆಯಿಂದ ಮಾಡಿದ್ದು ಅನುಕರಣೆಯ ಜರಿ. ಯಾವ ಜರಿಯೆಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವ ಹಕ್ಕು ಗ್ರಾಹಕಿಗಿದೆ.

ಒಂದೇ ರೇಷ್ಮೆ ಸೀರೆ ಕೊಳ್ಳುವ ಶಕ್ತಿಯಿರುವವರಿಗೆ ಮೈಸೂರು ರೇಷ್ಮೆ ಉತ್ತಮ ಆಯ್ಕೆಯೆನಿಸುವುದಕ್ಕೆ ಕಾರಣವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಆರಂಭಿಸಿದ ಕಾರ್ಖಾನೆ 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನೂಲನ್ನು ಬಿಗಿಯಾಗಿ ಹೊಸೆದು ನೇಯುವ ಕ್ರೇಪ್ ಆದ್ದರಿಂದ ಸೀರೆ ಮೈಗೆ ಒಗ್ಗಿ ನಿಲ್ಲುತ್ತದೆ, ಸುಲಭವಾಗಿ ಸುಕ್ಕಾಗುವುದಿಲ್ಲ. ಸರಳ ಒಡಲು, ಜರಿಯ ಅಂಚು ಇರುವುದರಿಂದ ಮದುವೆ ಮನೆಗೂ ಕಚೇರಿಯ ಸಭೆಗೂ ಸಲ್ಲುತ್ತದೆ. ನಿಗಮದ ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆಯಿರುತ್ತದೆ; ಅದಿಲ್ಲದೆ 'ಮೈಸೂರು ಸಿಲ್ಕ್' ಎಂದು ಮಾರುವುದೆಲ್ಲ ಅಲ್ಲಿನದಲ್ಲ. ಬೆಂಗಳೂರಿನ ನಿಗಮದ ಮಳಿಗೆಯ ಮುಂದೆ ಬೆಳಗಿನ ಜಾವವೇ ಮಹಿಳೆಯರು ಸರದಿ ನಿಂತದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಬೇಡಿಕೆ ಹೀಗಿರುವಾಗ ನಕಲಿಯೂ ಹಿಂದೆಯೇ ಬರುವುದು ಸಹಜ.

ರವಿಕೆಯೇ ಅರ್ಧ ಸೀರೆ

ಸೀರೆ ಎಷ್ಟೇ ಬೆಲೆಬಾಳುವಂಥದಾದರೂ ರವಿಕೆ ಸರಿಯಿಲ್ಲದಿದ್ದರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಪ್ರತಿ ಸೀರೆಗೂ ಅದರದೇ ರವಿಕೆ ಹೊಲಿಸಬೇಕೆಂದಿಲ್ಲ. ಕಪ್ಪು, ಕಡುಕೆಂಪು, ಕೆನೆ ಬಣ್ಣದ ಮೂರು ಸರಳ ರವಿಕೆ, ಒಂದು ಖಣ ಅಥವಾ ಕಸೂತಿಯ ರವಿಕೆ, ಇಷ್ಟಿದ್ದರೆ ಹತ್ತು ಸೀರೆಗಳು ಬಳಕೆಗೆ ಬರುತ್ತವೆ.

ಹೊಲಿಸುವಾಗ ಮರೆಯಬಾರದ ಸಂಗತಿಗಳಿವೆ. ಹತ್ತಿಯ ರವಿಕೆ ಕಣವನ್ನೂ ಅದರ ಲೈನಿಂಗ್ ಬಟ್ಟೆಯನ್ನೂ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಲು ಕೊಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಬಿಗಿಯಾಗುತ್ತದೆ. ಅಳತೆ ರವಿಕೆ ಎರಡು ಮೂರು ವರ್ಷ ಹಳೆಯದಾಗಿದ್ದರೆ ಟೇಪು ಹಿಡಿಸಿ ಹೊಸದಾಗಿ ಅಳತೆ ಕೊಡಬೇಕು. ಪಕ್ಕದ ಹೊಲಿಗೆಗಳಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಒಳಗೆ ಬಿಡುವಂತೆ ದರ್ಜಿಗೆ ಹೇಳಬೇಕು. ದೇಹ ಬದಲಾಗುವುದು ಪ್ರಕೃತಿ ಧರ್ಮ, ಅದಕ್ಕೆ ನಾಚಬೇಕಾದ್ದಿಲ್ಲ. ಬಟ್ಟೆ ದೇಹಕ್ಕೆ ಹೊಂದಿಕೊಳ್ಳಬೇಕೇ ಹೊರತು ದೇಹ ಬಟ್ಟೆಗಲ್ಲ. ಸಿದ್ಧ ಉಡುಪುಗಳಲ್ಲಿಯೂ ಒಂದು ಕಂಪನಿಯ 'ಮೀಡಿಯಂ' ಇನ್ನೊಂದರ 'ಲಾರ್ಜ್' ಆಗಿರುವುದುಂಟು. ಆದ್ದರಿಂದ ಚೀಟಿಯನ್ನು ನಂಬುವ ಬದಲು ತೋಳೆತ್ತಿ, ಕುಳಿತು, ಬಗ್ಗಿ ನೋಡಿಯೇ ಕೊಳ್ಳಬೇಕು.

ಕುರ್ತಾ ಹೊಲಿಸುವವರು ಪಕ್ಕದಲ್ಲೊಂದು ಜೇಬು ಇಡಿಸಿಕೊಳ್ಳಬಹುದು. ಗಂಡಸರ ಅಂಗಿಯಲ್ಲಿ ಕೇಳದೆಯೇ ಬರುವ ಜೇಬು ಹೆಂಗಸರ ಉಡುಪಿನಲ್ಲಿ ಕೇಳಿದರೆ ಮಾತ್ರ ಬರುತ್ತದೆ. ಬಸ್ ಚೀಟಿ, ಮೊಬೈಲು, ಮನೆಯ ಬೀಗದಕೈಗೆ ಅದರಷ್ಟು ಉಪಕಾರಿ ಬೇರೊಂದಿಲ್ಲ.

ಕಣ್ಣಿಗೆ ಕಾಣದ ಒಳ ಉಡುಪಿನ ವಿಷಯದಲ್ಲಿ ತೋರುವ ಉದಾಸೀನ ಕೆಲವೊಮ್ಮೆ ದುಬಾರಿಯಾಗುತ್ತದೆ. ಸೀರೆಯ ಕೆಳಗಿನ ಲಂಗದ ಲಾಡಿಯನ್ನು ದಶಕಗಳ ಕಾಲ ಒಂದೇ ಜಾಗದಲ್ಲಿ ಬಿಗಿಯುವುದರಿಂದ ಸೊಂಟದ ಚರ್ಮ ಕಪ್ಪಿಟ್ಟು ಹುಣ್ಣಾಗುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸೊಂಟದಲ್ಲಿ ಬಿಗಿಯಾಗಿ ಸೀರೆ ಉಡುತ್ತಿದ್ದ ಇಬ್ಬರು ವಯಸ್ಸಾದ ಮಹಿಳೆಯರಲ್ಲಿ ಅಂಥ ಹುಣ್ಣು ಚರ್ಮದ ಕ್ಯಾನ್ಸರಿಗೆ ತಿರುಗಿದ ಬಗ್ಗೆ ಭಾರತದ ವೈದ್ಯರು 2024ರಲ್ಲಿ 'ಬಿಎಂಜೆ ಕೇಸ್ ರಿಪೋರ್ಟ್ಸ್' ನಿಯತಕಾಲಿಕೆಯಲ್ಲಿ ವರದಿ ಮಾಡಿದರು. ಇಂಥ ಪ್ರಕರಣಗಳು ವಿರಳ, ಹೆದರಬೇಕಾದ್ದಿಲ್ಲ. ಆದರೆ ತೆಳು ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಹೊಲಿಸುವುದು, ಕಟ್ಟುವ ಜಾಗವನ್ನು ಆಗಾಗ ಬದಲಿಸುವುದು, ವಾಸಿಯಾಗದ ಗಾಯವನ್ನು ವೈದ್ಯರಿಗೆ ತೋರಿಸುವುದು ಕಷ್ಟದ ಕೆಲಸವಲ್ಲ.

ಒಡವೆ ಕಡಿಮೆಯಿರಲಿ, ಖರೆಯಿರಲಿ

ನಿತ್ಯ ಬಳಕೆಗೆ ಒಂದು ಜೊತೆ ಓಲೆ, ಒಂದು ತೆಳು ಸರ, ಒಂದು ಕೈಗಡಿಯಾರ ಸಾಕಾಗುತ್ತದೆ. ಉಳಿದದ್ದು ಸಂದರ್ಭಕ್ಕೆ ಬಿಟ್ಟದ್ದು. ಉಡುಪಿನಲ್ಲಿ ಅಲಂಕಾರ ಹೆಚ್ಚಿದ್ದರೆ ಒಡವೆ ಕಡಿಮೆ, ಉಡುಪು ಸರಳವಾಗಿದ್ದರೆ ಒಡವೆಯೊಂದು ಎದ್ದು ಕಾಣುವಂಥದು ಎಂಬ ಸೂತ್ರ ಎಲ್ಲ ಕಾಲಕ್ಕೂ ಸಲ್ಲುತ್ತದೆ.

ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಮುದ್ರೆ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಭಾರತೀಯ ಮಾನಕ ಬ್ಯೂರೊದ ಚಿಹ್ನೆ, ಪರಿಶುದ್ಧತೆಯ ಅಂಕಿ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ, ಈ ಮೂರೂ ಒಡವೆಯ ಮೇಲಿರಬೇಕು. 916 ಎಂದಿದ್ದರೆ 22 ಕ್ಯಾರೆಟ್, 750 ಎಂದಿದ್ದರೆ 18 ಕ್ಯಾರೆಟ್. ಬ್ಯೂರೊದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಒಡವೆಯ ವಿವರ ಸಿಗುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಿಗೆ ಈ ನಿಯಮದಿಂದ ವಿನಾಯಿತಿಯಿದೆ. ಪುಟ್ಟ ಓಲೆ, ಮೂಗುತಿ ಕೊಳ್ಳುವವರು ಬಿಲ್ಲು ಪಡೆಯುವುದನ್ನು ಮರೆಯಬಾರದು.

ಚಿನ್ನ ಕೈಗೆಟುಕದ ಈ ದಿನಗಳಲ್ಲಿ ನಾಡಿನ ಕರಕುಶಲ ಆಭರಣಗಳು ಒಳ್ಳೆಯ ಪರ್ಯಾಯ. ಸತುವು ಮತ್ತು ತಾಮ್ರದ ಮಿಶ್ರಲೋಹವನ್ನು ಬೀದರ ಕೋಟೆಯ ಮಣ್ಣು ಬಳಸಿ ಕಪ್ಪಾಗಿಸಿ, ಅದರ ಮೇಲೆ ಬೆಳ್ಳಿಯ ಕುಸುರಿ ಮೆರೆಯುವ ಬಿದ್ರಿ ಕಲೆಯಲ್ಲಿ ಪದಕ, ಓಲೆಗಳೂ ಬರುತ್ತಿವೆ. ಚನ್ನಪಟ್ಟಣದಲ್ಲಿ ಹಾಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿದ ಬಳೆ, ಜುಮುಕಿಗಳು ಕೆಲವು ನೂರು ರೂಪಾಯಿಗಳಿಗೇ ಸಿಗುತ್ತವೆ. ಹತ್ತಿಯ ಸೀರೆ, ಕುರ್ತಾಗಳಿಗೆ ಅವು ಚೆನ್ನಾಗಿ ಒಪ್ಪುತ್ತವೆ. ಅಗ್ಗದ ಲೋಹದ ಓಲೆ ತೊಟ್ಟ ಮೇಲೆ ಕಿವಿ ತುರಿಸಿ ಕೆಂಪಾದರೆ ಅದರಲ್ಲಿರುವ ನಿಕ್ಕಲ್ ಕಾರಣವಿರಬಹುದು. ಅಂಥವರು ಬೆಳ್ಳಿ, ಮರ ಇಲ್ಲವೇ ಮಣ್ಣಿನ ಒಡವೆಗೆ ಬದಲಾಯಿಸಿಕೊಳ್ಳುವುದು ಲೇಸು.

ಪಾದರಕ್ಷೆ ಮತ್ತು ಜಂಬದ ಚೀಲ

ಪಾದರಕ್ಷೆಯನ್ನು ಕೊನೆಗೆ ಆರಿಸುವುದು ಸಾಮಾನ್ಯ ರೂಢಿ; ವಾಸ್ತವವಾಗಿ ಅದು ಮೊದಲು ಬರಬೇಕು. ಸೀರೆಯ ನೆರಿಗೆಯ ಎತ್ತರ, ಪ್ಯಾಂಟಿನ ಉದ್ದ ಎರಡೂ ಹಿಮ್ಮಡಿಯ ಎತ್ತರವನ್ನು ಅವಲಂಬಿಸಿವೆ. ದಿನದ ಕೊನೆಗೆ ಪಾದ ತುಸು ಊದಿಕೊಳ್ಳುವುದರಿಂದ ಚಪ್ಪಲಿಯನ್ನು ಸಂಜೆಯ ವೇಳೆ ಕೊಳ್ಳುವುದು ಉತ್ತಮ.

ಕೊಲ್ಹಾಪುರಿ ಚಪ್ಪಲಿ ಸೀರೆಗೂ ಕುರ್ತಾಗೂ ಜೀನ್ಸಿಗೂ ಹೊಂದುತ್ತದೆ. ಹೆಸರು ನೆರೆರಾಜ್ಯದ್ದಾದರೂ ಅದರಲ್ಲಿ ಕರ್ನಾಟಕದ ಪಾಲೂ ಇದೆ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿ, ನಿಪ್ಪಾಣಿ ಭಾಗದ ಕುಶಲಕರ್ಮಿಗಳು ತಲೆಮಾರುಗಳಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ವಿನ್ಯಾಸದ ಚಪ್ಪಲಿಯನ್ನು ಮೂಲ ಹೇಳದೆ ಮಿಲಾನ್ ಪ್ರದರ್ಶನದಲ್ಲಿ ಮೆರೆಸಿ ಟೀಕೆಗೆ ಗುರಿಯಾಯಿತು. ಬಳಿಕ ಅದಕ್ಕೆ ಭಾರತದ ಕರಕುಶಲ ಪರಂಪರೆಯೇ ಸ್ಫೂರ್ತಿಯೆಂದು ಒಪ್ಪಿಕೊಂಡಿತು. ಮಿಲಾನಿನವರಿಗೆ ಕಂಡದ್ದು ನಮ್ಮ ಪೇಟೆಯಲ್ಲೇ ನಮಗೆ ಕಾಣದಿರುವುದು ವಿಪರ್ಯಾಸ. ಗಿಡಮರಗಳ ತೊಗಟೆಯಿಂದ ಹದ ಮಾಡಿದ ತೊಗಲಾದ್ದರಿಂದ ಮಳೆಯಲ್ಲಿ ಮಾತ್ರ ಇದನ್ನು ಮೆಟ್ಟಬಾರದು.

ಕನ್ನಡದಲ್ಲಿ 'ಜಂಬದ ಚೀಲ'ವೆಂದು ತಮಾಷೆಗೆ ಕರೆಸಿಕೊಂಡ ಕೈಚೀಲ ಇಂದು ಜಂಬಕ್ಕಿಂತ ಹೆಚ್ಚಾಗಿ ಅಗತ್ಯ. ಊಟದ ಡಬ್ಬಿ, ಕೊಡೆ, ನೀರಿನ ಬಾಟಲಿ ಹೊರುವ ಚೀಲದ ಪಟ್ಟಿ ಅಗಲವಾಗಿರಲಿ, ಹೊಲಿಗೆ ಭದ್ರವಾಗಿರಲಿ, ಬಾಯಿಗೆ ಜಿಪ್ ಇರಲಿ. ಕಂದು ಅಥವಾ ಕಪ್ಪು ಬಣ್ಣದ ಒಂದು ಗಟ್ಟಿ ಚೀಲ ಬಣ್ಣಬಣ್ಣದ ನಾಲ್ಕು ಅಗ್ಗದ ಚೀಲಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ದ್ವಿಚಕ್ರ ವಾಹನದಲ್ಲಿ ಹೋಗುವವರು ದುಪಟ್ಟಾ, ಸೆರಗುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಪಿನ್ನು ಹಾಕಿಯೇ ಹೊರಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಮೋಟಾರು ಸೈಕಲ್‌ಗಳ ಹಿಂಚಕ್ರಕ್ಕೆ ರಕ್ಷಣೆ ಇರಬೇಕು. ಅಂದಕ್ಕೆ ಅಡ್ಡಿಯೆಂದು ಅದನ್ನು ತೆಗೆಸುವುದು ಪ್ರಾಣಕ್ಕೇ ಎರವಾಗಬಹುದು.

ಬೆಲೆಯಲ್ಲ, ಬಾಳಿಕೆ

ಅಗ್ಗವೋ ದುಬಾರಿಯೋ ಎಂಬುದನ್ನು ಚೀಟಿಯ ಮೇಲಿನ ಬೆಲೆ ತೀರ್ಮಾನಿಸುವುದಿಲ್ಲ. 12,000 ರೂಪಾಯಿಯ ಸೀರೆಯನ್ನು ಮೂರು ಬಾರಿ ಉಟ್ಟರೆ ಒಮ್ಮೆ ಉಟ್ಟದ್ದಕ್ಕೆ 4,000 ರೂಪಾಯಿ ತೆತ್ತಂತಾಯಿತು. 1,800 ರೂಪಾಯಿಯ ಕೈಮಗ್ಗದ ಹತ್ತಿ ಸೀರೆಯನ್ನು ತಿಂಗಳಿಗೆ ಎರಡು ಬಾರಿಯಂತೆ ಮೂರು ವರ್ಷ ಉಟ್ಟರೆ ಒಮ್ಮೆಗೆ ತಗಲುವುದು 25 ರೂಪಾಯಿ. 'ಒಂದು ಕೊಂಡರೆ ಒಂದು ಉಚಿತ' ಎಂಬ ಫಲಕದ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಪೂರ್ತಿ ಬೆಲೆಗಾದರೂ ಇದನ್ನು ಕೊಳ್ಳುತ್ತಿದ್ದೆನೇ? ಇಲ್ಲವೆಂದಾದರೆ ಅರ್ಧ ಬೆಲೆಯೂ ದುಂದೇ.

ತೆರಿಗೆಯ ಲೆಕ್ಕವೂ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕೃತ ದರದಂತೆ ತಲಾ 2,500 ರೂಪಾಯಿವರೆಗಿನ ಸಿದ್ಧ ಉಡುಪು ಮತ್ತು ಪಾದರಕ್ಷೆಗಳಿಗೆ ಶೇ. 5, ಅದಕ್ಕೂ ಮೇಲ್ಪಟ್ಟವಕ್ಕೆ ಶೇ. 18 ಜಿಎಸ್‌ಟಿ ಇದೆ.

ಬಾಳಿಕೆ ಅರ್ಧ ನೇಯ್ಗೆಯಲ್ಲಿದ್ದರೆ ಇನ್ನರ್ಧ ಜೋಪಾನದಲ್ಲಿದೆ. ಬಣ್ಣದ ಹತ್ತಿಯನ್ನು ಮೊದಲ ಕೆಲವು ಬಾರಿ ಬೇರೆಯಾಗಿ, ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಮಡಿಕೆಯಲ್ಲೇ ಜರಿ ಮುರಿಯುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು. ಸುಗಂಧದ್ರವ್ಯವನ್ನು ಸೀರೆಯ ಮೇಲೆ ನೇರವಾಗಿ ಸಿಂಪಡಿಸಬಾರದು.

ಕೈಮಗ್ಗದ ಹೆಸರಿನಲ್ಲಿ ವಿದ್ಯುತ್ ಮಗ್ಗದ ಮಾಲು ಮಾರುವುದು ಇನ್ನೊಂದು ಬಗೆಯ ವಂಚನೆ. ಸೀರೆಯೂ ಸೇರಿದಂತೆ ಹನ್ನೊಂದು ಬಗೆಯ ನೇಯ್ಗೆಗಳ ನಿರ್ದಿಷ್ಟ ಮಾದರಿಗಳನ್ನು 1985ರ ಕಾಯಿದೆ ಕೈಮಗ್ಗಕ್ಕೆ ಮೀಸಲಿರಿಸಿದೆ. ಆದರೂ ಅಂಥ ಮಾಲು ಪೇಟೆಯಲ್ಲಿ ಧಾರಾಳವಾಗಿದೆ. 2006ರಲ್ಲಿ ಬಂದ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿಯನ್ನು ಕೇಳಿ ಕೊಳ್ಳುವುದು, ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳಲ್ಲಿ ಅಥವಾ ನೇಕಾರರ ಸಹಕಾರ ಸಂಘಗಳಲ್ಲಿ ಕೊಳ್ಳುವುದು ಇದಕ್ಕೆ ಪರಿಹಾರ. ಧಾರವಾಡದ ಕಸೂತಿಯಾದರೆ ಬಟ್ಟೆಯನ್ನು ತಿರುವಿ ನೋಡಬೇಕು. ಗವಂತಿ, ಮುರ್ಗಿ ಹೊಲಿಗೆಗಳು ಕೈಯಲ್ಲಿ ಹಾಕಿದವಾದರೆ ಗಂಟಿಲ್ಲದೆ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ. ಯಂತ್ರದ್ದು ಹಿಂಬದಿಯಲ್ಲಿ ಬಣ್ಣಗೆಡುತ್ತದೆ. ಎಳೆ ಎಣಿಸಿ ಹಾಕಿದ ಹೊಲಿಗೆಗೆ ತಕ್ಕ ಬೆಲೆ ಸಂದಾಗಲೇ ಅದನ್ನು ಮಗಳಿಗೆ ಕಲಿಸಲು ತಾಯಿಗೆ ಮನಸ್ಸು ಬಂದೀತು.

ಮತ್ತೆ ಗಾದೆಯ ಮಾತಿಗೆ ಬಂದರೆ, ನೋಟವನ್ನು ಪೂರ್ತಿಯಾಗಿ ಪರರಿಗೆ ಒಪ್ಪಿಸಬೇಕಿಲ್ಲ, ಪರರನ್ನು ಪೂರ್ತಿಯಾಗಿ ಮರೆಯಬೇಕಾದ್ದೂ ಇಲ್ಲ. ಸಾವಿನ ಮನೆಗೆ ಜರಿಯಂಚು ಉಟ್ಟು ಯಾರೂ ಹೋಗುವುದಿಲ್ಲ. ಸಂದರ್ಭದ ಔಚಿತ್ಯವನ್ನು ಪರರಿಗೆ ಬಿಟ್ಟು, ಬಣ್ಣ, ಬಟ್ಟೆ, ಅಳತೆ, ಬೆಲೆಗಳ ತೀರ್ಮಾನವನ್ನು ತನ್ನಲ್ಲೇ ಉಳಿಸಿಕೊಂಡ ಮಹಿಳೆಗೆ ಕಪಾಟಿನ ಮುಂದೆ ಕಾಲು ಗಂಟೆ ನಿಲ್ಲುವ ಪ್ರಮೇಯ ಬರುವುದಿಲ್ಲ. ಕೈಗೆ ಸಿಕ್ಕಿದ್ದನ್ನು ತೆಗೆದು ಉಟ್ಟರೂ ಅದು ಆಕೆಗೆ ಒಪ್ಪುವಂಥದೇ ಆಗಿರುತ್ತದೆ.